ಓಟಕ್ಕೆ ಕೂಲಿ, ಊಟಕ್ಕೆ ದಂಡ

ರಾತ್ರಿ ಹತ್ತೂವರೆ. ಅಡುಗೆಮನೆಯ ದೀಪ ಹಾಕಿರಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದಾಗ ಬೀಳುವ ಬೆಳಕೇ ಸಾಕಾಗಿತ್ತು. ಊಟ ಮುಗಿಸಿ ಇನ್ನೂ ಎರಡು ಗಂಟೆ ಆಗಿರಲಿಲ್ಲ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಮೊದಲ ನಾಲ್ಕು ಬಿಸ್ಕತ್ತು ತಿಂದದ್ದು ನೆನಪಿದೆ. ಆಮೇಲಿನವು ಲೆಕ್ಕಕ್ಕೆ ಸಿಗಲಿಲ್ಲ. ತಳದಲ್ಲಿ ಉಳಿದ ಪುಡಿಯನ್ನು ಅಂಗೈಗೆ ಸುರಿದುಕೊಳ್ಳುವಾಗ ವಾಚು ತಾನಾಗಿ ಬೆಳಗಿತು. 812 ಕ್ಯಾಲೊರಿ ಅಂತ ತೋರಿಸಿತು. ಅವತ್ತು ಬೆಳಿಗ್ಗೆ ಓಡಿದ್ದರ ಲೆಕ್ಕ ಅದು. ಮನಸ್ಸು ಹಗುರಾಯಿತು. ಇನ್ನೂ ಬಾಕಿ ಇದೆ ಅಂದುಕೊಂಡು ಕಡಲೆಕಾಯಿ ಬೀಜದ ಡಬ್ಬಕ್ಕೂ ಕೈ ಹಾಕಿದೆ.

ಆಗ ನಾನು ಓಡಲು ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ವಾರಕ್ಕೆ ಐದು ದಿನ ಓಡುತ್ತಿದ್ದೆ. ಮೊದಮೊದಲು ಎರಡು ಕಿಲೋಮೀಟರಿಗೇ ಏದುಸಿರು. ನಾಲ್ಕನೇ ತಿಂಗಳಿಗೆ ಒಂಬತ್ತು ಕಿಲೋಮೀಟರ್ ಓಡಿದ ಮೇಲೂ ಮಾತಾಡುವಷ್ಟು ಉಸಿರು ಉಳಿಯುತ್ತಿತ್ತು. ಮೆಟ್ಟಿಲು ಹತ್ತುವುದು ಸಲೀಸಾಯಿತು. ನಿದ್ದೆ ಚೆನ್ನಾಗಿ ಬರುತ್ತಿತ್ತು. ತೂಕ ಮಾತ್ರ ಒಂದೂವರೆ ಕಿಲೋ ಏರಿ 77ಕ್ಕೆ ಬಂದು ನಿಂತಿತ್ತು. ‘ಸ್ನಾಯು ಬೆಳೆದಿದೆ ಬಿಡು’ ಅಂತ ಜೊತೆಗೆ ಓಡುವವರು ಸಮಾಧಾನ ಹೇಳಿದರು. ಒಳ್ಳೆಯ ಜನ. ಆದರೆ ಬೆಳೆದದ್ದು ಸ್ನಾಯುವೋ ಕೊಬ್ಬೋ ಅನ್ನುವುದು ಪ್ಯಾಂಟಿನ ಗುಂಡಿಗೆ ಗೊತ್ತಿರುತ್ತದೆ, ಅಲ್ವಾ?

ಈ ವಿಷಯ ಅಕ್ಕನ ಹತ್ತಿರ ಫೋನಿನಲ್ಲಿ ಹೇಳಿಕೊಂಡೆ. ಅವಳು ನಕ್ಕಳು. ‘ಓಡಿದೆ ಅಂತ ತಿಂತೀಯ, ತಿಂದೆ ಅಂತ ಓಡ್ತೀಯ. ಇದೇನೋ ಇದು, ಕೂಲಿ ಕೆಲಸಾನಾ?’ ಅಂದಳು. ಅವಳು ತಮಾಷೆಗೆ ಅಂದದ್ದು. ನನಗೆ ಮಾತ್ರ ಆ ಮಾತು ಎಲ್ಲೋ ತಗುಲಿಕೊಂಡಿತು.

ಮೊದಲು ಬರೀ ಲೆಕ್ಕ ನೋಡೋಣ. ಲೆಕ್ಕದಲ್ಲೇ ನಾನು ಸೋತಿದ್ದೆ. ಓಟಕ್ಕೆ ಒಂದು ಸುಲಭದ ಅಂದಾಜು ಇದೆ. ಒಂದು ಕಿಲೋಮೀಟರ್ ಓಡಿದರೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚಾಗುತ್ತದೆ. ವೇಗ ಹೆಚ್ಚಾದರೂ ಕಡಿಮೆಯಾದರೂ ಇದು ಅಷ್ಟೇನೂ ಬದಲಾಗುವುದಿಲ್ಲ. 77 ಕಿಲೋ ಇದ್ದವನು ಒಂಬತ್ತು ಕಿಲೋಮೀಟರ್ ಓಡಿದರೆ ಸುಮಾರು 690. ಆ ಒಂದು ಗಂಟೆ ಸುಮ್ನೆ ಕುರ್ಚಿಯಲ್ಲಿ ಕೂತಿದ್ದರೂ ದೇಹ ಒಂದು 75-80 ಸುಡುತ್ತಿತ್ತು. ಅದನ್ನು ಕಳೆದರೆ ಓಟದಿಂದಲೇ ಆದ ಖರ್ಚು 610ರ ಆಸುಪಾಸು. ವಾಚು ಕೊಟ್ಟದ್ದು 812. ಅಂದರೆ ಇನ್ನೂರು ಕ್ಯಾಲೊರಿ ಸುಳ್ಳು ಸಂಬಳ.

ಇದು ನನ್ನ ವಾಚಿನ ಒಂದರ ಕಥೆಯಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರಿಗೆ ಮಣಿಕಟ್ಟಿಗೆ ಕಟ್ಟುವ ಏಳು ಬಗೆಯ ಸಾಧನಗಳನ್ನು ಕಟ್ಟಿ ಪರೀಕ್ಷೆ ಮಾಡಿದರು. ಎದೆಬಡಿತವನ್ನು ಹೆಚ್ಚಿನವು ಸರಿಯಾಗಿಯೇ ಎಣಿಸಿದವು. ಕ್ಯಾಲೊರಿ ವಿಷಯದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಶೇ 27ರಷ್ಟು ತಪ್ಪಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಶೇ 93ರಷ್ಟು. ಇಂಥ ತಕ್ಕಡಿ ಇಟ್ಟುಕೊಂಡು ನಾನು ಗ್ರಾಂ ಲೆಕ್ಕದಲ್ಲಿ ವ್ಯಾಪಾರ ಮಾಡುತ್ತಿದ್ದೆ.

ಇನ್ನೊಂದು ಬದಿಯ ಲೆಕ್ಕ ಇನ್ನೂ ನಿಷ್ಠುರ. 100 ಗ್ರಾಂ ಬಿಸ್ಕತ್ತಿನಲ್ಲಿ 450ರಿಂದ 500 ಕ್ಯಾಲೊರಿ ಇರುತ್ತದೆ. ಕಡಲೆಕಾಯಿ ಬೀಜದಲ್ಲಿ 560ರ ಮೇಲೆ. ನನ್ನ ಕೈಯಲ್ಲಿದ್ದದ್ದು 150 ಗ್ರಾಮಿನ ಪೊಟ್ಟಣ. ಓಡಲು ಒಂದು ಗಂಟೆ, ಅದನ್ನು ಖಾಲಿ ಮಾಡಲು ಆರೋ ಏಳೋ ನಿಮಿಷ. ಅದೂ ನಿಂತುಕೊಂಡು, ಕತ್ತಲಲ್ಲಿ, ರುಚಿ ಕೂಡ ಗಮನಿಸದೆ.

ಇಷ್ಟು ತಿಳಿದ ಮೇಲೆ ಕಥೆ ಮುಗಿಯಬೇಕಿತ್ತು. ಕಡಿಮೆ ತಿಂದರಾಯಿತು. ಆದರೆ ಲೆಕ್ಕ ಗೊತ್ತಾದ ರಾತ್ರಿಯೂ ನಾನು ಡಬ್ಬದ ಮುಂದೆ ನಿಂತಿದ್ದೆ. ಹಾಗಾಗಿ ಹಸಿವಿನ ಬಗ್ಗೆಯೇ ಓದಲು ಶುರು ಮಾಡಿದೆ.

ವಿಚಿತ್ರ ಏನು ಗೊತ್ತಾ? ಓಡಿ ಬಂದ ತಕ್ಷಣ ನನಗೆ ಹಸಿವೇ ಆಗುತ್ತಿರಲಿಲ್ಲ. ತಟ್ಟೆ ಮುಂದಿಟ್ಟರೆ ಬೇಡ ಅನಿಸುತ್ತಿತ್ತು. ಇದು ಬಹಳ ಜನರಿಗೆ ಆಗುವಂಥದ್ದೇ. ಘ್ರೆಲಿನ್ ಅಂತ ಒಂದು ಹಾರ್ಮೋನ್ ಇದೆ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಅದನ್ನು ಕಂಡುಹಿಡಿದರು. ಹೊಟ್ಟೆಯಿಂದ ಹೊರಟು ಮಿದುಳಿಗೆ ‘ಊಟ ಹಾಕು’ ಅಂತ ಹೇಳುವುದು ಅದರ ಕೆಲಸ. ಜೋರಾಗಿ ವ್ಯಾಯಾಮ ಮಾಡಿದಾಗ ಅದು ಸ್ವಲ್ಪ ಹೊತ್ತು ಕೆಳಗಿಳಿಯುತ್ತದೆ. ಹೊಟ್ಟೆ ತುಂಬಿದೆ ಅಂತ ಸುದ್ದಿ ಕಳಿಸುವ ಹಾರ್ಮೋನುಗಳು ಮೇಲೇರುತ್ತವೆ. 2022ರಲ್ಲಿ ಇನ್ನೊಂದು ಸಂಗತಿ ಹೊರಗೆ ಬಂತು. ಬಿರುಸಿನ ವ್ಯಾಯಾಮದ ನಂತರ ರಕ್ತದಲ್ಲಿ ಲ್ಯಾಕ್-ಫೆ ಅನ್ನುವ ಅಣು ಏರುತ್ತದೆ. ದಪ್ಪ ಇಲಿಗಳಿಗೆ ಅದನ್ನು ಚುಚ್ಚಿದರೆ ಅವು ಮುಂದಿನ ಹನ್ನೆರಡು ಗಂಟೆಯಲ್ಲಿ ತಿನ್ನುವುದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಮನುಷ್ಯರಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ ಏರಿದ್ದು ಶರವೇಗದಲ್ಲಿ ಓಡಿದಾಗ. ನಿಧಾನವಾಗಿ ಬಹಳ ಹೊತ್ತು ಮಾಡುವ ವ್ಯಾಯಾಮದಲ್ಲಿ ಏರಿಕೆ ಕಡಿಮೆ. ನನ್ನದು ನಿಧಾನದ ಓಟ ಅಂತ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅಂತೂ ಬೆಳಗಿನ ಹೊತ್ತು ಹೊಟ್ಟೆ ಸುಮ್ಮನಿರುತ್ತಿತ್ತು. ನಾನು ಅದನ್ನು ದೊಡ್ಡ ಸಾಧನೆ ಅಂದುಕೊಂಡೆ. ತಿಂಡಿ ಬಿಡುತ್ತಿದ್ದೆ. ಮಧ್ಯಾಹ್ನ ಅರ್ಧ ಊಟ ಮಾಡುತ್ತಿದ್ದೆ. ‘ನೋಡು, ಓಡಿದರೆ ಹಸಿವೇ ಸಾಯುತ್ತೆ’ ಅಂತ ಒಬ್ಬಿಬ್ಬರಿಗೆ ಉಪದೇಶವನ್ನೂ ಮಾಡಿದೆ. ಸಂಜೆ ಐದಕ್ಕೆ ತಲೆ ಭಾರ. ಆರಕ್ಕೆ ಸಣ್ಣ ಮಾತಿಗೂ ಸಿಡುಕು. ಎಂಟಕ್ಕೆ ಹೊಟ್ಟೆ ತಾಳ ಹಾಕಲು ಶುರು. ರಾತ್ರಿ ಗಬಗಬ ತಿಂದು, ಆಮೇಲೂ ಬಾಯಾಡಿಸುತ್ತಾ ಹತ್ತೂವರೆವರೆಗೆ ಅಡುಗೆಮನೆಗೂ ಹಾಲಿಗೂ ಓಡಾಟ. ವ್ಯಾಯಾಮ ಹಸಿವನ್ನು ಕೊಂದಿರಲಿಲ್ಲ. ಮುಂದಕ್ಕೆ ಹಾಕಿತ್ತು, ಅಷ್ಟೆ. ಮುಂದಕ್ಕೆ ಹಾಕಿದ ಸಾಲದ ಹಾಗೆ ಅದು ಬಡ್ಡಿ ಸಮೇತ ಬರುತ್ತಿತ್ತು. ಕೆಲವು ಸಲ ಅದೇ ದಿನ ಅಲ್ಲ, ಓಟಕ್ಕೆ ರಜೆ ಇದ್ದ ಮಾರನೇ ದಿನ ಬರುತ್ತಿತ್ತು. ಆಗ ನಾನು ‘ಇವತ್ತು ಓಡಿಲ್ಲ, ಆದರೂ ಯಾಕೆ ಇಷ್ಟು ಹಸಿವು’ ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನಡುವೆ ಈಜುವವರಿಗೆ ಒಂದು ಮಾತು. ಈಜಿ ಬಂದ ಮೇಲೆ ಕಣ್ಣಿಗೆ ಕಂಡದ್ದೆಲ್ಲ ತಿನ್ನಬೇಕು ಅನಿಸಿದರೆ ಅದು ನಿಮ್ಮ ಕಲ್ಪನೆಯಲ್ಲ. 2005ರಲ್ಲಿ ಒಂದು ಪ್ರಯೋಗದಲ್ಲಿ ಕೆಲವರನ್ನು ನೀರಿನೊಳಗೆ ಕೂರಿಸಿ 45 ನಿಮಿಷ ಸೈಕಲ್ ತುಳಿಸಿದರು. ಒಂದು ದಿನ 33 ಡಿಗ್ರಿಯ ನೀರು, ಇನ್ನೊಂದು ದಿನ 20 ಡಿಗ್ರಿಯದು. ಖರ್ಚಾದ ಶಕ್ತಿ ಹೆಚ್ಚು ಕಡಿಮೆ ಒಂದೇ. ಆಮೇಲೆ ಇಷ್ಟ ಬಂದಷ್ಟು ತಿನ್ನಿ ಅಂದಾಗ ತಣ್ಣೀರಿನ ದಿನ ಶೇ 44ರಷ್ಟು ಹೆಚ್ಚು ತಿಂದರು.

ಹಾಗಾದರೆ ಕಾರ್ಡಿಯೋ, ಅಂದರೆ ಓಟ, ಈಜು, ಸೈಕಲ್ಲಿನಂಥ ಎದೆಬಡಿತ ಏರಿಸುವ ವ್ಯಾಯಾಮ, ಮಾಡಿದವರೆಲ್ಲ ಹೀಗೆ ತಿಂದು ಸರಿಗಟ್ಟುತ್ತಾರಾ? ಇಲ್ಲ. ನನಗೆ ಎಲ್ಲಕ್ಕಿಂತ ಇಷ್ಟವಾದ ಅಧ್ಯಯನ 2008ರದ್ದು. 35 ಜನ, ತೂಕ ಜಾಸ್ತಿ ಇದ್ದವರು. ವಾರಕ್ಕೆ ಐದು ದಿನ, ಒಂದೊಂದು ಸಲಕ್ಕೆ 500 ಕ್ಯಾಲೊರಿ ಖರ್ಚಾಗುವಷ್ಟು ವ್ಯಾಯಾಮ. ಎಲ್ಲವೂ ಕಣ್ಣೆದುರಿಗೇ, ಕಳ್ಳಾಟಕ್ಕೆ ಜಾಗ ಇಲ್ಲ. ಹನ್ನೆರಡು ವಾರದ ಕೊನೆಗೆ ಸರಾಸರಿ 3.7 ಕಿಲೋ ಇಳಿದಿತ್ತು. ಆದರೆ ಸರಾಸರಿಯ ಒಳಗೆ ಇಣುಕಿ ನೋಡಿದರೆ, ಒಬ್ಬರು 14.7 ಕಿಲೋ ಇಳಿದಿದ್ದರು, ಇನ್ನೊಬ್ಬರು 1.7 ಕಿಲೋ ಏರಿದ್ದರು. ಅದೇ ವ್ಯಾಯಾಮ, ಅಷ್ಟೇ ಬೆವರು. ಆ ಏರಿದವರನ್ನು ಒಮ್ಮೆ ಭೇಟಿಯಾಗಿ ಕೈ ಕುಲುಕಬೇಕು ಅನಿಸಿತು. ಹೀಗೆ ನಿರೀಕ್ಷೆಯಷ್ಟು ಇಳಿಯದವರಲ್ಲಿ ಹಸಿವೂ ತಿನ್ನುವುದೂ ಎರಡೂ ಏರಿದ್ದವು.

2009ರ ಇನ್ನೊಂದು ಅಧ್ಯಯನ ಮುಟ್ಟು ನಿಂತ ಹೆಂಗಸರದ್ದು, ಆರು ತಿಂಗಳಿನದ್ದು. ಅಲ್ಲಿ ಕಡಿಮೆ ಮತ್ತು ಮಧ್ಯಮ ಪ್ರಮಾಣದಲ್ಲಿ ವ್ಯಾಯಾಮ ಮಾಡಿದವರಿಗೆ ಲೆಕ್ಕದ ಪ್ರಕಾರ ಎಷ್ಟು ಇಳಿಯಬೇಕೋ ಹೆಚ್ಚು ಕಡಿಮೆ ಅಷ್ಟೇ ತೂಕ ಇಳಿಯಿತು. ವಾರಕ್ಕೆ ಸುಮಾರು 194 ನಿಮಿಷ ಮಾಡಿದವರಿಗೆ ಮಾತ್ರ ಲೆಕ್ಕದ ಅರ್ಧದಷ್ಟೇ ಇಳಿಯಿತು. ಜಾಸ್ತಿ ದುಡಿದವರಿಗೆ ಪಾಲಿನ ಪ್ರಕಾರ ಕಡಿಮೆ ಸಿಕ್ಕಿತು. ಇಂಥ ಕೊರತೆ ಎಲ್ಲಿಂದ ಬರುತ್ತದೆ ಅಂತ ಹುಡುಕಿದ 2019ರ ಒಂದು ಅಧ್ಯಯನ ಮುಖ್ಯವಾಗಿ ಬೆರಳು ತೋರಿಸಿದ್ದು ತಟ್ಟೆಯ ಕಡೆಗೇ. ದೇಹ ಬೇರೆ ಖರ್ಚನ್ನು ಹಿಡಿತ ಮಾಡಿಕೊಳ್ಳುತ್ತದೆ ಅನ್ನುವ ವಾದವೂ ಇದೆ. ತಾಂಜಾನಿಯದ ಹಡ್ಜಾ ಜನ ದಿನವಿಡೀ ಬೇಟೆ, ಗೆಡ್ಡೆಗೆಣಸು ಅಂತ ಅಲೆಯುತ್ತಾರೆ. ಹಾಗಿದ್ದೂ ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಅವರ ದಿನದ ಒಟ್ಟು ಖರ್ಚು ಪಟ್ಟಣದಲ್ಲಿ ಕೂತು ಕೆಲಸ ಮಾಡುವವರಿಗಿಂತ ಹೆಚ್ಚಿಲ್ಲ ಅಂತ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು 2012ರಲ್ಲಿ ಬರೆದರು. ಆ ಚರ್ಚೆ ದೊಡ್ಡದು, ಇಲ್ಲಿ ಬೇಡ.

ಹಾಗಂತ ಓಡುವುದನ್ನು ಬಿಟ್ಟರೆ ಹಸಿವು ಹದಕ್ಕೆ ಬರುತ್ತದಾ? ಅದೂ ಇಲ್ಲ. ಇದು ಹಳೆಯ ವಿಷಯ. ಪೋಷಣಾ ವಿಜ್ಞಾನಿ ಜೀನ್ ಮೇಯರ್ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಕೆಲಸಗಾರರ ಊಟ ಅಳೆದು 1956ರಲ್ಲಿ ಪ್ರಕಟಿಸಿದರು. ದುಡಿಮೆ ಹೆಚ್ಚಿದ ಹಾಗೆ ಊಟವೂ ಹೆಚ್ಚಿತ್ತು, ಅದು ಸಹಜ. ಆದರೆ ಇಡೀ ದಿನ ಕೂತೇ ಇರುವವರು ಹಗುರ ಕೆಲಸ ಮಾಡುವವರಿಗಿಂತ ಜಾಸ್ತಿ ತಿನ್ನುತ್ತಿದ್ದರು. ತೂಕವೂ ಅವರದ್ದೇ ಜಾಸ್ತಿ. ಅಂದರೆ ಮೈ ಅಲ್ಲಾಡಿಸದೇ ಇದ್ದರೆ ಹೊಟ್ಟೆಯ ತಕ್ಕಡಿಯೇ ಕೆಡುತ್ತದೆ. ಅಕ್ಕ ಇದನ್ನು ಕೇಳಿ, ‘ಹಾಗಾದ್ರೆ ಓಡು. ಆದರೆ ಓಡ್ದೆ ಅಂತ ಎಲ್ಲರ ಹತ್ರ ಬಿಲ್ ಕೊಡ್ಬೇಡ’ ಅಂದಳು.

ಬಿಲ್ಲು ಅನ್ನುವುದೇ ಸರಿಯಾದ ಪದ. ಹಾರ್ಮೋನಿನ ಕಥೆ ಎಲ್ಲ ಓದಿದ ಮೇಲೂ ಅದರಿಂದ ಬಿಡಿಸಲಾಗದ ಒಂದು ವಿಷಯ ಉಳಿದಿತ್ತು. ನಾನು ಎಷ್ಟೋ ಸಲ ಓಡುವ ಮೊದಲೇ ಜಾಸ್ತಿ ತಿನ್ನುತ್ತಿದ್ದೆ. ‘ನಾಳೆ ಹನ್ನೆರಡು ಕಿಲೋಮೀಟರ್ ಇದೆಯಲ್ಲ’ ಅಂತ ಇವತ್ತೇ ಮುಂಗಡ ತೆಗೆದುಕೊಳ್ಳುತ್ತಿದ್ದೆ. ನಾಳೆ ಮಳೆ ಬಂದರೆ ಓಟ ಹೋಯಿತು. ತಿಂದದ್ದು ವಾಪಸ್ ಬರುತ್ತದಾ? ಘ್ರೆಲಿನ್ ಆಗಲಿ ಬೇರೆ ಯಾವ ಹಾರ್ಮೋನೇ ಆಗಲಿ ನಾಳೆಯ ಓಟವನ್ನು ಇವತ್ತು ಎಣಿಸುವುದಿಲ್ಲ. ಎಣಿಸುತ್ತಿದ್ದದ್ದು ನಾನು. ಓಟ ಒಂದು ಕೂಲಿ ಕೆಲಸ, ತಿನ್ನುವುದು ಅದರ ಸಂಬಳ, ಸಂಬಳ ಬಿಡುವುದು ದಡ್ಡತನ. ಹಸಿವಿಲ್ಲದ ದಿನವೂ ‘ನನ್ನ ಪಾಲು’ ಅಂತ ಎತ್ತಿಕೊಳ್ಳುತ್ತಿದ್ದೆ. ಅದು ಹೊಟ್ಟೆ ಹಸಿವಲ್ಲ. ಬಾಯಿ ಚಪಲ ಅಂತಲೂ ಹೇಳಲಾರೆ, ಯಾಕೆಂದರೆ ರುಚಿಯ ಕಡೆ ಗಮನವೇ ಇರುತ್ತಿರಲಿಲ್ಲ. ಅದು ವಸೂಲಿ.

ಕೂಲಿ ಇದ್ದ ಕಡೆ ದಂಡವೂ ಇರುತ್ತದೆ. ರಾತ್ರಿ ತಿಂದದ್ದಕ್ಕೆ ಬೆಳಿಗ್ಗೆ ಓಡಬೇಕು. ಐದು ಇದ್ದ ಕಡೆ ಹತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ಹೊಟ್ಟೆ ಮಾಡಿದ ತಪ್ಪಿಗೆ ಕಾಲಿಗೆ ಬರೆ. ಆ ಓಟದಲ್ಲಿ ಒಂದು ಹನಿ ಸುಖ ಇರುತ್ತಿರಲಿಲ್ಲ. ಹಲ್ಲು ಕಚ್ಚಿ ಮುಗಿಸುವುದು. ದಂಡದ ದಿನ ಬೇರೆ ತಿನ್ನುವುದನ್ನೂ ಕಡಿಮೆ ಮಾಡುತ್ತಿದ್ದೆ. ರಾತ್ರಿಗೆ ಮತ್ತೆ ಡಬ್ಬದ ಮುಂದೆ. ಈ ಚಕ್ರ ಒಂದೊಂದು ವಾರ ಮೂರು ಸಲ ಸುತ್ತುತ್ತಿತ್ತು.

ಇದನ್ನು ಯೋಚಿಸುವಾಗ ನನಗೆ ಅಮೆರಿಕದ ಮಿನೆಸೋಟದ ಪ್ರಯೋಗ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಜೊತೆಗೆ ವಾರಕ್ಕೆ 35 ಕಿಲೋಮೀಟರ್ ನಡೆಯಬೇಕು. ಹಸಿದವರಿಗೆ ಹೇಗೆ ಮತ್ತೆ ಊಟ ಕೊಡಬೇಕು ಅಂತ ತಿಳಿಯಲು ಮಾಡಿದ ಪ್ರಯೋಗ ಅದು. ಆ ಹುಡುಗರ ಮನಸ್ಸಿನಲ್ಲಿ ಊಟ ಬಿಟ್ಟು ಬೇರೆ ಏನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಇಟ್ಟುಕೊಂಡು ಓದಿದರು. ತಟ್ಟೆ ನೆಕ್ಕಿದರು. ಕಟ್ಟು ಬಿಚ್ಚಿದ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದೂ ‘ಸಾಕು’ ಅನಿಸದೆ ಒದ್ದಾಡಿದರು. ಅವರೇನೂ ಮನಸ್ಸು ಗಟ್ಟಿ ಇಲ್ಲದವರಲ್ಲ. ಕಡಿಮೆ ತಿನ್ನಿಸಿ ಜಾಸ್ತಿ ನಡೆಸಿದರೆ ದೇಹ ಹೀಗೇ ತಿರುಗಿ ಬೀಳುತ್ತದೆ. 1,570 ಅನ್ನುವುದು ಇವತ್ತಿನ ಎಷ್ಟೋ ಡಯಟ್ ಪಟ್ಟಿಗಳಲ್ಲಿ ಉದಾರವಾದ ಸಂಖ್ಯೆ. ಇದನ್ನು ನೆನೆದಾಗಲೆಲ್ಲ ನನಗೆ ಸ್ವಲ್ಪ ಭಯ ಆಗುತ್ತದೆ.

ಇಲ್ಲಿ ನಗು ಬಿಟ್ಟು ಒಂದು ಮಾತು ಹೇಳಬೇಕು. ಹಿಡಿತ ತಪ್ಪಿ ತಿನ್ನುವುದು, ಅದನ್ನು ಅಳಿಸಿಹಾಕಲು ವಿಪರೀತ ವ್ಯಾಯಾಮ ಮಾಡುವುದು, ಇದು ಪದೇ ಪದೇ ನಡೆದರೆ ಅದು ಬರೀ ಕೆಟ್ಟ ಅಭ್ಯಾಸ ಅಲ್ಲ. ಬುಲಿಮಿಯಾ ನರ್ವೋಸಾ ಅಂತ 1979ರಲ್ಲಿ ಮನೋವೈದ್ಯ ಜೆರಾಲ್ಡ್ ರಸೆಲ್ ಹೆಸರಿಟ್ಟ ಕಾಯಿಲೆ ಇದೆಯಲ್ಲ, ಅದರಲ್ಲಿ ಎಲ್ಲರೂ ವಾಂತಿಯೇ ಮಾಡಬೇಕು ಅಂತಿಲ್ಲ. ಅತಿಯಾದ ವ್ಯಾಯಾಮವೂ ತಿಂದದ್ದನ್ನು ತೀರಿಸುವ ಒಂದು ದಾರಿ ಅಂತ ವೈದ್ಯರು ಎಣಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಅದು ಶಿಸ್ತಿನ ಹಾಗೆ ಕಾಣುತ್ತದೆ. ಜನ ಬೆನ್ನು ತಟ್ಟುತ್ತಾರೆ ಬೇರೆ. ಜ್ವರ ಇದ್ದರೂ ಓಡಲೇಬೇಕು ಅನಿಸಿದರೆ, ಓಟ ತಪ್ಪಿದ ದಿನ ಊಟಕ್ಕೇ ಹೆದರಿಕೆಯಾದರೆ, ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಅದಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ. ನಾನು ಆ ಗೆರೆ ದಾಟಿರಲಿಲ್ಲ. ಆದರೆ ಗೆರೆ ಕಾಣುವಷ್ಟು ಹತ್ತಿರ ಹೋಗಿದ್ದೆ.

ನನ್ನನ್ನು ನಿಲ್ಲಿಸಿದ್ದು ವಿವೇಕವಲ್ಲ, ಬಲ ಮೊಣಕಾಲು. ದಂಡದ ಓಟ ಓಡಿ ಓಡಿ ಒಂದು ಬೆಳಿಗ್ಗೆ ಮೆಟ್ಟಿಲು ಇಳಿಯಲು ಆಗಲಿಲ್ಲ. ಮೂರು ವಾರ ಓಡುವ ಹಾಗಿಲ್ಲ ಅಂದರು ಫಿಸಿಯೋ. ಮುಗೀತು, ಈ ಮೂರು ವಾರದಲ್ಲಿ ಊದಿಕೊಳ್ಳುತ್ತೇನೆ ಅಂದುಕೊಂಡೆ. ಮೊದಲ ನಾಲ್ಕೈದು ದಿನ ಹಾಗೇ ಇತ್ತು. ಮೈಯೆಲ್ಲ ಚಡಪಡಿಕೆ. ಆಮೇಲೆ ಏನೋ ಬದಲಾಯಿತು. ಬೆಳಿಗ್ಗೆ ಓಟ ಇಲ್ಲದ್ದರಿಂದ ತಿಂಡಿ ಹೊತ್ತಿಗೆ ಹಸಿವಾಗುತ್ತಿತ್ತು, ತಿನ್ನುತ್ತಿದ್ದೆ. ಮಧ್ಯಾಹ್ನ ಊಟ ಪೂರ್ತಿ ಮಾಡುತ್ತಿದ್ದೆ. ರಾತ್ರಿ ಹತ್ತೂವರೆಗೆ ಅಡುಗೆಮನೆಗೆ ಹೋದರೆ ಅದು ನೀರು ಕುಡಿಯಲು. ವಾಚಿನಲ್ಲಿ ಜಮಾ ಆಗಲು ಏನೂ ಇರಲಿಲ್ಲ, ಹಾಗಾಗಿ ಖರ್ಚು ಮಾಡಲೂ ಏನೂ ಇರಲಿಲ್ಲ. ಮೂರು ವಾರದ ಕೊನೆಗೆ ತೂಕ ಅರ್ಧ ಕಿಲೋ ಇಳಿದಿತ್ತು. ಅದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜೆನ್ (ದೇಹ ಸಕ್ಕರೆಯನ್ನು ಕೂಡಿಡುವ ರೂಪ) ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಒಂದು ಕಿಲೋ ಆಚೆ ಈಚೆ ಆಗುವುದಕ್ಕೆ ಅಷ್ಟೇ ಸಾಕು. ಬೆಲೆ ಕೊಡುವುದು ಆ ಖಾಲಿ ರಾತ್ರಿಗಳಿಗೆ.

ಮತ್ತೆ ಓಡಲು ಶುರು ಮಾಡಿದಾಗ ಎರಡು ಮೂರು ವಿಷಯ ಬದಲಾಯಿಸಿದೆ. ವಾಚಿನ ಪರದೆಯಿಂದ ಕ್ಯಾಲೊರಿಯನ್ನು ತೆಗೆದುಹಾಕಿದೆ. ದೂರ, ಹೊತ್ತು, ಎದೆಬಡಿತ ಇದ್ದರೆ ಸಾಕು. ಹಸಿವಿರಲಿ ಇಲ್ಲದಿರಲಿ ಓಡಿ ಬಂದ ಒಂದು ಗಂಟೆಯೊಳಗೆ ತಿಂಡಿ ತಿನ್ನುವುದು. ಮೊಟ್ಟೆಯೋ ಮೊಸರೋ ಕಾಳೋ, ಏನಾದರೂ ಪ್ರೋಟೀನ್ ಇರಬೇಕು. ಅದು ಹೊಟ್ಟೆಯಲ್ಲಿ ನಿಲ್ಲುತ್ತದೆ. ಇದು ಮೊದಲು ಬಹಳ ಕಷ್ಟವಾಯಿತು. ಹಸಿವಿಲ್ಲದಾಗ ತಿನ್ನುವುದು ತಪ್ಪು ಅಂತ ತಲೆಯಲ್ಲಿ ಕೂತಿತ್ತು. ಈಗ ನನಗೆ ಗೊತ್ತು, ಬೆಳಗಿನ ಆ ತಟ್ಟೆ ರಾತ್ರಿಯ ಡಬ್ಬಕ್ಕೆ ಹಾಕಿದ ಮುಚ್ಚಳ. ಬಿಸ್ಕತ್ತನ್ನೇನೂ ಮನೆಯಿಂದ ಓಡಿಸಿಲ್ಲ. ಬೇಕಾದಾಗ ತಟ್ಟೆಗೆ ಹಾಕಿಕೊಂಡು, ಕೂತು, ದೀಪ ಹಾಕಿ ತಿನ್ನುತ್ತೇನೆ. ದೀಪ ಹಾಕುವುದು ಮುಖ್ಯ ಅಂತ ನನ್ನ ಅನುಭವ.

ತೂಕ ಇಳಿಸುವುದಕ್ಕೆ ಓಟ ಅಷ್ಟೇನೂ ಒಳ್ಳೆಯ ಉಪಾಯವಲ್ಲ ಅಂತ ಈಗ ಅನಿಸುತ್ತದೆ. ಇಳಿದದ್ದನ್ನು ಉಳಿಸಿಕೊಳ್ಳುವುದಕ್ಕೆ ಬಹಳ ಒಳ್ಳೆಯದು. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಟ್ಟಿದ್ದಾರೆ. 13.6 ಕಿಲೋದಷ್ಟಾದರೂ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರು ಅದರಲ್ಲಿ ಸೇರಬಹುದು. ಅವರಲ್ಲಿ ಹತ್ತಕ್ಕೆ ಒಂಬತ್ತು ಜನ ವ್ಯಾಯಾಮ ಮಾಡುವವರು, ದಿನಕ್ಕೆ ಸರಾಸರಿ ಒಂದು ಗಂಟೆ. ಆದರೆ ನಾನು ಈಗ ಓಡುವುದು ಅದಕ್ಕೂ ಅಲ್ಲ. ಒಂಬತ್ತನೇ ಕಿಲೋಮೀಟರಿನಲ್ಲಿ ತಲೆ ಖಾಲಿ ಆಗುತ್ತದಲ್ಲ, ಅದಕ್ಕೆ.

ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಹೋದ ವಾರ ಹದಿನಾಲ್ಕು ಕಿಲೋಮೀಟರ್ ಓಡಿದೆ. ಅವಸರದಲ್ಲಿ ತಿಂಡಿ ತಪ್ಪಿತು. ರಾತ್ರಿ ಹಳೆಯ ಜಾಗದಲ್ಲೇ ನಿಂತಿದ್ದೆ, ದೀಪ ಹಾಕದೆ. ಎಷ್ಟು ತಿಂದೆ ಅಂತ ಎಣಿಸಲಿಲ್ಲ. ಬೆಳಿಗ್ಗೆ ಎದ್ದಾಗ ಹೊಟ್ಟೆ ಭಾರ, ಬಾಯಿ ಒಗರು, ಕಾಲು ತಾನಾಗಿ ಶೂ ಹುಡುಕುತ್ತಿತ್ತು. ತಲೆಯಲ್ಲಿ ಹತ್ತು ಅನ್ನುವ ಸಂಖ್ಯೆ ಆಗಲೇ ಕೂತಿತ್ತು. ಲೇಸು ಕಟ್ಟುತ್ತಾ ಗೋಡೆಗೆ ಅಂಟಿಸಿದ ಪಟ್ಟಿ ನೋಡಿದೆ. ಆ ದಿನಕ್ಕೆ ಬರೆದಿದ್ದದ್ದು ನಾಲ್ಕು, ನಿಧಾನಕ್ಕೆ. ನಾಲ್ಕೇ ಓಡಿ ಬಂದೆ. ಬಂದು ತಿಂಡಿ ತಿಂದೆ.